ಒಪೆರಾ ಹೌಸಿನ ಟಾಕೀಸು ದಿನಗಳನ್ನು ನಾವೇ ಬರೆದಿಡಬೇಕು

ಮುಂಬಯಿಯಲ್ಲಿ ನೆಲೆಸಿರುವ ಕಾಯ್ಕಿಣಿ, ಶಿರಾಲಿ, ಮುರ್ಡೇಶ್ವರ, ಭಟ್ಕಳ, ಹೊನ್ನಾವರ, ಕುಮಟೆಯ ನಮ್ಮವರೆಲ್ಲರಿಗೆ,



ನಿಮ್ಮಲ್ಲಿ ಒಂದು ಕೆಲಸ ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಹಣ ಬೇಡ, ವಂತಿಗೆ ಬೇಡ. ಚರ್ನಿ ರೋಡ್ ಸ್ಟೇಶನ್ನಿನ ಹತ್ತಿರದ ಒಪೆರಾ ಹೌಸಿನಲ್ಲಿ ನೀವು ಸಿನಿಮಾ ನೋಡಿದ್ದರೆ, ನಿಮ್ಮ ತಂದೆತಾಯಿ, ಅಜ್ಜ ಅಜ್ಜಿ ನೋಡಿದ್ದರೆ, ಅದನ್ನು ಬರೆದಿಡಿ. ಬರೆಯಲಾಗದವರ ಬಾಯಲ್ಲಿ ಹೇಳಿಸಿ ಮೊಬೈಲಿನಲ್ಲಾದರೂ ತುಂಬಿಸಿಡಿ. ಆ ಕಟ್ಟಡ ಉಳಿಯಿತು, ಚೆಂದವಾಗಿಯೇ ಉಳಿಯಿತು. ಅದರ ಅರ್ಧ ಆಯುಸ್ಸಿನ ಕತೆ ಮಾತ್ರ ನಮ್ಮಂಥವರ ನೆನಪಿನಲ್ಲಷ್ಟೇ ಇದೆ, ಮತ್ತು ನೆನಪಿರುವವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಕಾಯ್ಕಿಣಿಯಲ್ಲಿ ಕೂತವನಿಗೆ ಗಿರಗಾಂವ್ ಬದಿಯ ಥಿಯೇಟರಿನ ಚಿಂತೆ ಯಾಕೆ ಎಂದು ನಿಮ್ಮಲ್ಲಿನ ಕಿರಿಯರು ಕೇಳಬಹುದು. ಅವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1956ರ ನವೆಂಬರ್ 1ರವರೆಗೆ ನಾವು ಅಲ್ಲೇ ಇದ್ದೆವು. ಮೆಟ್ರಿಕ್ ಮುಂಬಯಿಯದು, ಹೈಕೋರ್ಟು ಮುಂಬಯಿಯದು, ಹೊಟ್ಟೆಪಾಡಿಗೆ ಊರು ಬಿಟ್ಟವರ ದಾರಿಯೂ ಅತ್ತಲೇ. ಬೆಂಗಳೂರು ಆಗ ಬೇರೆ ರಾಜ್ಯದ ಊರು. ಕರ್ನಾಟಕದ ಚಿತ್ರಮಂದಿರಗಳೆಂದರೆ ಎಲ್ಲರೂ ಕೆಂಪೇಗೌಡ ರಸ್ತೆಯನ್ನು ನೆನೆಯುತ್ತಾರೆ. ನಮ್ಮ ಹಿರಿಯರಲ್ಲಿ ಬಹುಮಂದಿ ಜೀವಮಾನದಲ್ಲಿ ಮೊದಲು ಕಂಡ ದೊಡ್ಡ ಚಿತ್ರಮಂದಿರ ಅಲ್ಲಿಯದಲ್ಲ, ಗಿರಗಾಂವ್, ಲ್ಯಾಮಿಂಗ್ಟನ್ ರೋಡ್ ಆಸುಪಾಸಿನದು.

ಅದಕ್ಕೊಂದು ಕಾರಣವೂ ಇದೆ. ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತರ ಸಹಕಾರಿ ವಸತಿ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದ ಸಂಘ ಅದು. ಆಮೇಲೆ ತಾಡದೇವದಲ್ಲಿ ಅವರ ಹೆಸರಿನದೇ ತಲ್ಮಕಿವಾಡಿ ಬಂತು. ಶಿರಾಲಿ, ಮಲ್ಲಾಪುರ, ಕುಮಟೆಯ ಕುಟುಂಬಗಳು ಅಲ್ಲಿ ಬೇರೂರಿದವು. ವಸತಿ ಸಂಘದ ಮನೆ ಸಿಗದವರು, ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದವರು, ಮಿಲ್ಲಿಗೆ, ಬಂದರಿನ ಗೋದಿಗೆ ಹೋದವರು, ಅವರೂ ಆಸುಪಾಸಿನ ಚಾಳುಗಳಲ್ಲೇ ಉಳಿದರು. ಗಾಮದೇವಿಯಿಂದ ಒಪೆರಾ ಹೌಸಿಗೆ ನಡೆದೇ ಹೋಗಬಹುದು. ಟ್ರಾಮಿನ ಕಾಸು ಉಳಿಸಿದರೆ ಕೆಳಗಿನ ತರಗತಿಯ ಟಿಕೇಟಿಗೆ ಆಗುತ್ತಿತ್ತು ಎಂದು ಆ ಕಾಲದವರು ಹೇಳುತ್ತಿದ್ದರು.

ಆ ಸುತ್ತಿನ ನೆಲವೇ ಭಾರತದ ಸಿನಿಮಾದ ತವರು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಜನರ ಮುಂದೆ ಬಂದದ್ದು ಗಿರಗಾಂವಿನ ಕಾರೊನೇಶನ್‌ನಲ್ಲಿ. ನಮ್ಮ ದೇಶದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ 1931ರ ಮಾರ್ಚ್ 14ರಂದು ಬಿಡುಗಡೆಯಾದದ್ದು ಗಿರಗಾಂವಿನ ಮೆಜೆಸ್ಟಿಕ್‌ನಲ್ಲಿ. ಆ ಎರಡು ಮನೆಗಳೂ ಇವತ್ತಿಲ್ಲ. ಮೂಕಿ ಶುರುವಾದ ಕಡೆಯೂ ಇಲ್ಲ, ಮಾತು ಶುರುವಾದ ಕಡೆಯೂ ಇಲ್ಲ. ಒಪೆರಾ ಹೌಸ್ ಉಳಿದದ್ದು ಎಷ್ಟು ದೊಡ್ಡದು ಎಂಬುದು ಇದರಿಂದ ತಿಳಿಯಬೇಕು.

ಅದನ್ನು ಕಟ್ಟಿಸಿದ್ದು ಸಿನಿಮಾಕ್ಕಲ್ಲ. ಕಲ್ಕತ್ತೆಯಲ್ಲಿ ನಾಟಕ ಕಂಪನಿಗಳ ವ್ಯವಹಾರ ನಡೆಸುತ್ತಿದ್ದ ಮಾರಿಸ್ ಬ್ಯಾಂಡ್‌ಮನ್ ಮತ್ತು ಕಲ್ಲಿದ್ದಲ ದಲ್ಲಾಳಿ ಜಹಾಂಗೀರ್ ಫ್ರಾಮ್‌ಜಿ ಕರಾಕಾ, ಇಬ್ಬರೂ ಸೇರಿ 1908ರ ಹೊತ್ತಿಗೆ ಯೋಚಿಸಿದ ಮನೆ. 1911ರಲ್ಲಿ ಐದನೇ ಜಾರ್ಜ್ ಬಂದು ಉದ್ಘಾಟಿಸಿದಾಗ ಕೆಲಸ ಇನ್ನೂ ನಡೆದೇ ಇತ್ತು. ನಂತರದ ವರ್ಷಗಳಲ್ಲಿ ಅದು ಪೂರ್ತಿಯಾಯಿತು. ಯುರೋಪಿನ ಬರೋಕ್ ಮಾದರಿಯ ಮುಂಭಾಗ, ಒಳಗೆ ಚಿತ್ತಾರದ ಗುಮ್ಮಟ, ಶ್ರೀಮಂತರು ಕುಟುಂಬ ಸಮೇತ ಕೂರುವ ಬಾಕ್ಸುಗಳು, ಸಸೂನ್ ಮನೆತನದವರು ಕೊಟ್ಟ ಸ್ಫಟಿಕದ ತೂಗುದೀಪಗಳು. ಬಾಲಗಂಧರ್ವರು ಇಲ್ಲಿ ಹಾಡಿದರು, ದೀನಾನಾಥ ಮಂಗೇಶಕರರು ಹಾಡಿದರು, ಪೃಥ್ವಿರಾಜ ಕಪೂರರು ಅಭಿನಯಿಸಿದರು. ಹುಬ್ಬಳ್ಳಿ, ಬೆಳಗಾವಿ, ಧಾರವಾಡಗಳಲ್ಲಿ ಬಾಲಗಂಧರ್ವರ ನಾಟಕಕ್ಕೆ ಎತ್ತಿನ ಗಾಡಿ ಕಟ್ಟಿಕೊಂಡು ಬಂದ ಕಾಲವೂ ಅದೇ. 1935ರಲ್ಲಿ ಐಡಿಯಲ್ ಪಿಕ್ಚರ್ಸ್‌ನವರ ಕೈಗೆ ಬಂದ ಮೇಲೆ ಒಪೆರಾ ಹೌಸ್ ಮುಖ್ಯವಾಗಿ ಚಿತ್ರಮಂದಿರವಾಯಿತು. 1952ರಲ್ಲಿ ಗೊಂಡಲ್ ಸಂಸ್ಥಾನದ ಮಹಾರಾಜ ವಿಕ್ರಮಸಿಂಹಜಿ ಅದನ್ನು ಕೊಂಡರು. 1993ರಲ್ಲಿ ಬಾಗಿಲು ಹಾಕಿತು.

ಹೀಗೆ ನೋಡಿದರೆ ನಾಟಕದ ಮನೆಯಾಗಿದ್ದದ್ದು ಕಾಲು ಶತಮಾನ, ಟಾಕೀಸಾಗಿದ್ದದ್ದು ಅರ್ಧ ಶತಮಾನಕ್ಕೂ ಹೆಚ್ಚು. ನಮ್ಮ ಊರುಗಳ ಜನ ಅದರ ಬಾಗಿಲು ದಾಟಿದ್ದು ಈ ಎರಡನೆಯ ಕಾಲದಲ್ಲಿ. ಬಾಕ್ಸುಗಳಲ್ಲಿ ಕೂತವರ ಹೆಸರು ಪತ್ರಿಕೆಗಳಲ್ಲಿ ಸಿಗುತ್ತದೆ. ನಮ್ಮವರು ಕೂತ ಮರದ ಕುರ್ಚಿಗಳ ಸಾಲನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ.

ನನ್ನ ಸೋದರಮಾವ ಗ್ರ್ಯಾಂಟ್ ರೋಡಿನ ಒಂದು ಉಡುಪಿ ಹೋಟೆಲಿಗೆ ಮಾಣಿಯಾಗಿ ಸೇರಿದವನು. ಹಗಲು ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ನಮ್ಮ ಕರಾವಳಿಯ ಎಷ್ಟೋ ಹುಡುಗರು ಎಸ್ಸೆಸ್ಸೆಲ್ಸಿ ಮುಗಿಸಿದ್ದು ಆ ರಾತ್ರಿಶಾಲೆಗಳಲ್ಲೇ ಎಂಬುದು ನಿಮಗೆ ಗೊತ್ತು. ವಾರದ ದಿನ ಕೊನೆಯ ಆಟಕ್ಕೆ ಹೋದರೆ ಶಾಲೆ ತಪ್ಪುತ್ತದೆ, ಮೊದಲ ಆಟಕ್ಕೆ ಹೋದರೆ ಹೋಟೆಲು ತಪ್ಪುತ್ತದೆ. ಉಳಿದದ್ದು ರಜೆಯ ದಿನದ ಮ್ಯಾಟಿನಿ ಒಂದೇ. ಅವನು ಒಪೆರಾ ಹೌಸಿನಲ್ಲಿ ನಿರ್ದೇಶಕ ಶಾಂತಾರಾಮರ ‘ದೋ ಆಂಖೇಂ ಬಾರಾ ಹಾಥ್’ ನೋಡಿದ ಸಂಗತಿಯನ್ನು ಸಾಯುವವರೆಗೂ ಹೇಳುತ್ತಿದ್ದ. ಕತೆಗಿಂತ ಹೆಚ್ಚಾಗಿ ಅವನಿಗೆ ನೆನಪಿದ್ದದ್ದು ಜನ: ಪಕ್ಕದಲ್ಲಿ ಕೂತಿದ್ದ ಗಿರಣಿ ಕೆಲಸಗಾರ ತನ್ನ ಡಬ್ಬಿಯ ಭಾಕರಿ ಮುರಿದು ಕೊಟ್ಟದ್ದು, ಇಂಟರ್ವಲ್‌ನಲ್ಲಿ ಯಾರೂ ಎದ್ದು ಹೊರಗೆ ಹೋಗದೇ ಕೂತದ್ದು, ಗೇಟಿನಲ್ಲಿ ಎರಡಾಣೆಗೆ ಹಾಡಿನ ಪುಸ್ತಕ ಕೊಂಡದ್ದು. ಆ ಪುಸ್ತಕ ಈಗ ನನ್ನ ಬಳಿ ಇದೆ. ಹಿಂದಿಯ ಹಾಡುಗಳ ಸಾಲುಗಳ ಮೇಲೆ ಪೆನ್ಸಿಲಿನಲ್ಲಿ ಅವನು ಕನ್ನಡ ಅಕ್ಷರ ಬರೆದುಕೊಂಡಿದ್ದಾನೆ. ರಾತ್ರಿಶಾಲೆಗಿಂತ ಮೊದಲು ಅವನಿಗೆ ಹಿಂದಿ ಕಲಿಸಿದ್ದು ಆ ಪುಸ್ತಕ.

ಶಾಂತಾರಾಮರ ಮೇಲೆ ಮಾವನಿಗೆ ವಿಶೇಷ ಅಭಿಮಾನ ಇದ್ದದ್ದಕ್ಕೆ ಕಾರಣ ಬೇರೆ. ಕೊಲ್ಲಾಪುರದ ಶಾಂತಾರಾಮ ಹುಡುಗನಾಗಿದ್ದಾಗ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು, ಅಲ್ಲಿಯ ತಗಡಿನ ಶೆಡ್ಡಿನ ಸಿನಿಮಾ ಮಂದಿರದಲ್ಲಿ ಸಣ್ಣಪುಟ್ಟ ಚಾಕರಿ ಮಾಡಿದವರು. ಹುಬ್ಬಳ್ಳಿಯಿಂದ ಹೋದ ಹುಡುಗ ಇಷ್ಟು ಮಾಡಿದ ಎನ್ನುವುದು ಹುಬ್ಬಳ್ಳಿಯ ಮೇಲೆ ಹಾದು ಮುಂಬಯಿಗೆ ಹೋದ ಎಲ್ಲ ಹುಡುಗರಿಗೂ ಬಲ ಕೊಟ್ಟ ಮಾತು. ಕೊಂಕಣ ರೈಲು ಬರುವ ಮೊದಲು, ಅಂದರೆ 1998ಕ್ಕಿಂತ ಹಿಂದೆ, ನಮಗೆ ಬೇರೆ ದಾರಿ ಎಲ್ಲಿತ್ತು? ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ರೈಲು, ಮೀರಜಿನಲ್ಲಿ ಗಾಡಿ ಬದಲಿ. ಈಗ ಮುರ್ಡೇಶ್ವರ ಸ್ಟೇಶನ್ನಿನಲ್ಲಿ ಹತ್ತಿದರೆ ಮರುದಿನ ಮುಂಬಯಿ.

ನಮ್ಮ ಕಡೆಯ ಇನ್ನೊಬ್ಬರು ಆ ಭಾಗದ ಒಂದು ಥಿಯೇಟರಿನಲ್ಲಿ ಆಪರೇಟರಿಗೆ ಸಹಾಯಕರಾಗಿದ್ದರು. ನಿವೃತ್ತರಾಗಿ ಊರಿಗೆ ಬಂದ ಮೇಲೆ ಬಸ್ತಿಯ ಚಹದಂಗಡಿಯಲ್ಲಿ ಸಿಗುತ್ತಿದ್ದರು. ಮಶೀನು ಖೋಲಿಯ ವಿವರವನ್ನು ನಾನು ಕೇಳಿದ್ದು ಅವರಿಂದ. ಎರಡು ಪ್ರೊಜೆಕ್ಟರುಗಳು ಅಕ್ಕಪಕ್ಕ. ಒಳಗೆ ಬಲ್ಬು ಇಲ್ಲ, ಎರಡು ಕಾರ್ಬನ್ ಕಡ್ಡಿಗಳ ತುದಿಗಳ ನಡುವೆ ಹತ್ತಿಕೊಳ್ಳುವ ಬೆಳಕು. ಕಡ್ಡಿ ಉರಿದು ಸವೆದಂತೆ ತುದಿಗಳ ಅಂತರ ಹೆಚ್ಚಾಗುತ್ತದೆ. ಸರಿಮಾಡುತ್ತಲೇ ಇರದಿದ್ದರೆ ಪರದೆ ಮಂಕಾಗಿ ಕೆಳಗಿನಿಂದ ಸಿಳ್ಳೆ ಶುರು. ದೊಡ್ಡ ರೀಲು ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಮುಗಿಯುವ ಮುನ್ನ ಪರದೆಯ ಬಲಬದಿಯ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ, ಆಗ ಎರಡನೆಯ ಯಂತ್ರದ ಮೋಟರು ಚಾಲೂ. ಏಳೆಂಟು ಸೆಕೆಂಡಿನಲ್ಲಿ ಎರಡನೆಯ ಚುಕ್ಕೆ, ಆಗ ಒಂದರ ಬೆಳಕು ಮುಚ್ಚಿ ಇನ್ನೊಂದರದು ತೆರೆಯಬೇಕು. ಕೆಳಗೆ ಕೂತ ಸಾವಿರ ಕಣ್ಣಿಗೆ ಏನೂ ಗೊತ್ತಾಗಬಾರದು. “ಚುಕ್ಕೆ ನೋಡೂದು ರೂಢಿ ಆಗಿ, ಮನೇಲಿ ಟೀವಿ ನೋಡುವಾಗ್ಲೂ ಕಣ್ಣು ಬಲಗಡೆ ಮೂಲೆಗೇ ಹೋಗ್ತದೆ” ಎನ್ನುತ್ತಿದ್ದರು. ಆ ಖೋಲಿಯ ಸೆಕೆ, ಹೊಗೆ ಹೋಗಲು ಕಟ್ಟಿದ ಕೊಳವೆ, ಕೈಯ ಮೇಲಿನ ಸುಟ್ಟ ಕಲೆಗಳು, ಎಲ್ಲವನ್ನೂ ತೋರಿಸಿ ಹೇಳುತ್ತಿದ್ದರು. ಈಗ ಡಿಜಿಟಲ್ ಬಂದು ಆ ಕೆಲಸವೇ ಇಲ್ಲ. ಕೆಲಸದ ಜೊತೆಗೆ ಕೆಲಸದ ಜ್ಞಾನವೂ ಹೋಯಿತು. ಅವರೂ ಈಗಿಲ್ಲ.

ನಮ್ಮ ಜಯಂತ ಕಾಯ್ಕಿಣಿಯವರು ಈ ಥಿಯೇಟರಿನ ಹೆಸರಿನಲ್ಲೇ ಒಂದು ಕತೆ ಬರೆದಿದ್ದಾರೆ, ನಿಮ್ಮಲ್ಲಿ ಹಲವರು ಓದಿರುತ್ತೀರಿ. ಆಟ ಮುಗಿದ ಮೇಲೆ ಕಸ ಗುಡಿಸುವ ಒಬ್ಬ ಯುವಕ ಅದರ ಕೇಂದ್ರ. ಪ್ರೇಕ್ಷಕರು ಮರೆತು ಹೋದ ಒಂದು ಫ್ಲಾಸ್ಕು ಅವನ ಕೈಗೆ ಸಿಗುತ್ತದೆ. ಅದರ ಇಂಗ್ಲಿಷ್ ಅನುವಾದವಿರುವ ಸಂಕಲನಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂದಾಗ ನಮ್ಮೂರಿನ ಹೆಸರು ದೂರದ ದೇಶಗಳವರೆಗೆ ಹೋಯಿತು. ಆ ಥಿಯೇಟರಿನ ಟಾಕೀಸು ಕಾಲದ ಬಗ್ಗೆ ಕನ್ನಡದಲ್ಲಿ ಇರುವ ಅತ್ಯುತ್ತಮ ದಾಖಲೆ ಒಂದು ಸಣ್ಣಕತೆ ಎಂಬುದು ನನಗೆ ಹೆಮ್ಮೆಯ ಸಂಗತಿ. ಆದರೆ ಒಬ್ಬ ಕತೆಗಾರ ಒಂದು ಕತೆಯಲ್ಲಿ ಎಷ್ಟೆಂದು ಹೊರಬೇಕು? ಉಳಿದ ಪಾಲು ನಮ್ಮದಲ್ಲವೇ?

ಈಗ ಜೀರ್ಣೋದ್ಧಾರದ ಮಾತು. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. 1993ರ ನಂತರ ಮುಚ್ಚಿದ್ದ ಮನೆಗೆ ಮಳೆ ನುಗ್ಗಿತು, ಗೋಡೆಯ ಸಂದಿಯಲ್ಲಿ ಗಿಡ ಹುಟ್ಟಿತು. ಅಂಥ ಜಾಗದಲ್ಲಿ ಅಂಥ ಬೆಲೆಯ ನೆಲ. ಕೆಡವಿ ಮಾರಿಬಿಡಿ ಎಂದು ಹೇಳುವವರಿಗೆ ಮುಂಬಯಿಯಲ್ಲಿ ಎಂದೂ ಬರವಿಲ್ಲ. ಗೊಂಡಲ್ ಮನೆತನದವರು ಮಾರಲಿಲ್ಲ. ವಾಸ್ತುಶಿಲ್ಪಿ ಆಭಾ ನಾರಾಯಣ ಲಾಂಬಾ ಅವರಿಗೆ ಕೆಲಸ ಒಪ್ಪಿಸಿದರು. 2012ರಲ್ಲಿ ಜಗತ್ತಿನ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಯಲ್ಲಿ ಇದರ ಹೆಸರು ಬಂತು. ಮೊದಲು ಕಟ್ಟಡ ಕುಸಿಯದಂತೆ ಗಟ್ಟಿಮಾಡಿ, ಸೋರುವಿಕೆ ನಿಲ್ಲಿಸಿ, ಆಮೇಲೆ ಅಲಂಕಾರಕ್ಕೆ ಕೈಹಾಕಿದರು. ಸಿನಿಮಾಕ್ಕೆಂದು ಒಳಗಿನ ರೂಪ ಬಹಳಷ್ಟು ಬದಲಾಗಿತ್ತು. ಹಳೆಯ ಚಿತ್ರಗಳನ್ನು ಹುಡುಕಿ, ಬಣ್ಣದ ಪದರ ಕೆರೆದು ಅಡಿಯ ಬಣ್ಣ ಕಂಡುಹಿಡಿದು, ಕಳೆದುಹೋದ ಬಾಕ್ಸುಗಳನ್ನು ಮತ್ತೆ ಕಟ್ಟಿ, ವರ್ಷಗಟ್ಟಲೆ ದುಡಿದರು. 2016ರ ಅಕ್ಟೋಬರಿನಲ್ಲಿ ಬಾಗಿಲು ತೆರೆಯಿತು. ಸೊಪ್ರಾನೊ ಗಾಯಕಿ ಪೆಟ್ರಿಶಿಯಾ ರೊಜಾರಿಯೋ ಹಾಡಿದರು. 2017ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪಾರಂಪರಿಕ ಪ್ರಶಸ್ತಿ ಬಂತು. ಆ ಗುಮ್ಮಟದ ಕೆಳಗೆ ಹೋಗಿ ನಿಂತಾಗ ನನಗೆ ಕಣ್ಣು ತುಂಬಿ ಬಂತು. ಅಷ್ಟು ಬಣ್ಣವನ್ನು ಆ ಸೂರಿನಲ್ಲಿ ನಾನು ನೋಡಿರಲೇ ಇಲ್ಲ. ನಾವು ಸಿನಿಮಾ ನೋಡುತ್ತಿದ್ದ ಕಾಲದಲ್ಲಿ ಮೇಲೆ ಕತ್ತಲೆ ಮಾತ್ರ.

ಹಳೆಯ ಕಟ್ಟಡಕ್ಕೆ ಮರುಜೀವ ಕೊಡುವವರು ಅದನ್ನು ಯಾವ ಕಾಲಕ್ಕೆ ಒಯ್ಯಬೇಕು ಎಂದು ತೀರ್ಮಾನಿಸಲೇಬೇಕು. ಎಲ್ಲ ಕಾಲವನ್ನೂ ಒಟ್ಟಿಗೆ ಉಳಿಸಲಾಗದು. ಇಲ್ಲಿ ಮೊದಲ ಕಾಲವನ್ನು ಆರಿಸಿದರು. ಅಂಥ ಬಾಕ್ಸು, ಅಂಥ ಗುಮ್ಮಟ ದೇಶದಲ್ಲಿ ಬೇರೆಲ್ಲೂ ಉಳಿದಿಲ್ಲದಿರುವಾಗ ಆ ಆಯ್ಕೆ ಸರಿಯೇ. ಆದರೆ ಮೊದಲ ಕಾಲವನ್ನು ಹೊರತರಬೇಕಾದರೆ ಎರಡನೆಯದು ಮರೆಗೆ ಸರಿಯಲೇಬೇಕು. ಕಲ್ಲು ಗಾರೆಯಲ್ಲಿ ಉಳಿಯದ ಕಾಲ ಮಾತಿನಲ್ಲಾದರೂ ಉಳಿಯಬೇಕು. ಅದು ವಾಸ್ತುಶಿಲ್ಪಿಯ ಕೆಲಸವಲ್ಲ, ಒಡೆಯರ ಕೆಲಸವೂ ಅಲ್ಲ. ನೋಡಿದವರ ಕೆಲಸ.

ಬೆಂಗಳೂರಿನವರ ಪಾಡು ನೋಡಿ. 1934ರಲ್ಲಿ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡ ಸಿಟಿ ಮಾರ್ಕೆಟ್ ಬಳಿಯ ಥಿಯೇಟರು ಇಲ್ಲ. ಎಂ.ಜಿ. ರಸ್ತೆಯ ಪ್ಲಾಜಾ ಮೆಟ್ರೋ ಕೆಳಗೆ ಹೋಯಿತು. 1968ರಲ್ಲಿ ಮೊರಾರ್ಜಿ ದೇಸಾಯಿಯವರು ಉದ್ಘಾಟಿಸಿದ ಕಪಾಲಿ 2017ರಲ್ಲಿ ಮುಚ್ಚಿತು. ಅಲ್ಲಿ ಕಟ್ಟಡವೂ ಇಲ್ಲ, ಬಹುಪಾಲು ನೆನಪೂ ಇಲ್ಲ. ನಮಗೆ ಕಟ್ಟಡ ಇದೆ. ನೆನಪನ್ನೂ ಸೇರಿಸಿದರೆ ಒಂದು ಮನೆಯ ಪೂರ್ತಿ ಚರಿತ್ರೆ ಉಳಿಯುತ್ತದೆ. ಇಂಥ ಅವಕಾಶ ಎಷ್ಟು ಊರಿಗೆ ಸಿಕ್ಕೀತು?

ಮುಂಬಯಿಯ ಜೊತೆಗಿನ ಈ ನಂಟಿನಿಂದ ನಮಗೆ ಬಂದ ಫಲವೂ ಸಣ್ಣದಲ್ಲ. ಹೊನ್ನಾವರದಲ್ಲಿ 1954ರಲ್ಲಿ ಹುಟ್ಟಿದ ಶಂಕರನಾಗ್, ಅವರ ಅಣ್ಣ ಅನಂತನಾಗ್ ಮುಂಬಯಿಯ ರಂಗಭೂಮಿಯಲ್ಲಿ ಬೆಳೆದು ಕನ್ನಡ ಚಿತ್ರಕ್ಕೆ ಬಂದರು. ಶ್ಯಾಮ್ ಬೆನಗಲ್, ಗುರುದತ್ ಅವರ ಮನೆತನಗಳ ಬೇರು ನಮ್ಮ ಶಿರಾಲಿಯ ಮಠದ ಸಮುದಾಯದಲ್ಲೇ ಇದೆ. ಸಿನಿಮಾ ಮಾಡಿದ ದೊಡ್ಡವರ ಬಗ್ಗೆ ಪುಸ್ತಕಗಳು ಬಂದಿವೆ, ಬರುತ್ತಲೂ ಇರುತ್ತವೆ. ಟಿಕೇಟು ಕೊಂಡು ನೋಡಿ ಅವರನ್ನು ದೊಡ್ಡವರಾಗಿಸಿದ ನಮ್ಮವರ ಬಗ್ಗೆ ನಾವೇ ಬರೆಯಬೇಕು.

ಏನು ಬರೆಯಬೇಕೆಂದು ಕೇಳುವಿರಾದರೆ, ಸಿನಿಮಾದ ಕತೆ ಬೇಡ, ಅದು ಎಲ್ಲೆಲ್ಲೂ ಸಿಗುತ್ತದೆ. ಯಾರ ಜೊತೆ ಹೋದಿರಿ, ಎಲ್ಲಿಂದ ನಡೆದು ಹೋದಿರಿ, ಟಿಕೇಟು ಎಷ್ಟು, ಕಾಸು ಹೇಗೆ ಹೊಂದಿಸಿದಿರಿ, ಬ್ಲ್ಯಾಕಿನಲ್ಲಿ ಕೊಂಡಿರಾ, ಯಾವ ಸಾಲಿನಲ್ಲಿ ಕೂತಿರಿ, ಪಕ್ಕದಲ್ಲಿ ಯಾರಿದ್ದರು, ಟಾರ್ಚು ಹಿಡಿದ ಗೇಟ್‌ಕೀಪರ್ ಏನೆಂದ, ಇಂಟರ್ವಲ್‌ನಲ್ಲಿ ಏನು ತಿಂದಿರಿ, ಮಳೆಗಾಲದಲ್ಲಿ ಒದ್ದೆ ಕೊಡೆ ಎಲ್ಲಿಟ್ಟಿರಿ. ಹೆಂಗಸರಿಗೆ ಒಬ್ಬರೇ ಹೋಗಲು ಆಗುತ್ತಿತ್ತೇ? ಮದುವೆಯಾಗಿ ಊರಿಂದ ಹೊಸದಾಗಿ ಬಂದ ಸೊಸೆಯಂದಿರನ್ನು ಮೊದಲು ಕರೆದುಕೊಂಡು ಹೋಗುತ್ತಿದ್ದದ್ದು ಚೌಪಾಟಿಗೋ, ಸಿನಿಮಾಕ್ಕೋ? ಹೋಟೆಲಿನ ಕೆಲಸ, ಗಿರಣಿಯ ಪಾಳಿ ಮುಗಿಸಿ ಬಂದವರಿಗೆ ಕತ್ತಲಲ್ಲಿ ನಿದ್ದೆ ಬರುತ್ತಿತ್ತೇ? ನಮ್ಮಲ್ಲಿ ಯಾರಾದರೂ ಅಲ್ಲಿ ಕೆಲಸಕ್ಕಿದ್ದರೇ? ಇಂಥವುಗಳೇ ಬೇಕು.

ಮನೆಯಲ್ಲಿ ಹಳೆಯ ಟಿಕೇಟಿನ ತುಂಡು, ಹಾಡಿನ ಪುಸ್ತಕ, ಥಿಯೇಟರಿನ ಮುಂದೆ ನಿಂತು ತೆಗೆಸಿದ ಫೋಟೋ ಇದ್ದರೆ ರದ್ದಿಗೆ ಹಾಕಬೇಡಿ. ಸಿನಿಮಾ ಹಾಡಿನ ಪುಸ್ತಕ, ಪೋಸ್ಟರುಗಳನ್ನು 1964ರಿಂದ ಕೂಡಿಸಿಡುತ್ತಿರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲೇ ಇದೆ, ನಿಮಗೆ ನಾಲ್ಕು ತಾಸಿನ ದಾರಿ. ಮೂಲ ಅಲ್ಲಿಗೆ ಕೊಟ್ಟು, ನಕಲು ನೀವಿಟ್ಟುಕೊಳ್ಳಿ. ಹೇಳಿಸಿದ ಮಾತುಗಳನ್ನು ಕನ್ನಡದಲ್ಲಿ ಒಂದು ಪುಸ್ತಕವಾಗಿಸುವ ಹೊಣೆಯನ್ನು ಮಾಟುಂಗದ ಕರ್ನಾಟಕ ಸಂಘ, ಮೈಸೂರು ಅಸೋಸಿಯೇಶನ್‌ಗಳಂಥ ಹಿರಿಯ ಸಂಸ್ಥೆಗಳು ಹೊತ್ತರೆ ನಾನು ಇಲ್ಲಿಂದ ಕೈಲಾದಷ್ಟು ದುಡಿಯುತ್ತೇನೆ.

ಇನ್ನೊಂದು ಆಸೆಯನ್ನೂ ಹೇಳಿಬಿಡುತ್ತೇನೆ. ಮತ್ತೆ ತೆರೆದ ವರ್ಷವೇ ಮುಂಬಯಿ ಚಿತ್ರೋತ್ಸವದ ಆರಂಭ ಒಪೆರಾ ಹೌಸಿನಲ್ಲಿ ನಡೆಯಿತು. ಅಂದರೆ ಸಿನಿಮಾ ತೋರಿಸಲು ಅಲ್ಲಿ ಅಡ್ಡಿಯಿಲ್ಲ. ವರ್ಷಕ್ಕೊಂದು ದಿನ ನಮ್ಮವರು ಸೇರಿ ಆ ಮಂದಿರವನ್ನು ಬಾಡಿಗೆಗೆ ಕೇಳಿ, ಶಂಕರನಾಗ್ ನಟಿಸಿದ ‘ಒಂದಾನೊಂದು ಕಾಲದಲ್ಲಿ’ ಚಿತ್ರವನ್ನು ತೋರಿಸಬಾರದೇಕೆ? ಹೊನ್ನಾವರದ ಹುಡುಗ, ಶಿರಸಿಯಲ್ಲಿ ಬೆಳೆದ ಗಿರೀಶ ಕಾರ್ನಾಡರ ನಿರ್ದೇಶನ. ಟಿಕೇಟು ಹೋಟೆಲಿನ ಹುಡುಗರ ಕೈಗೆಟಕುವಂತಿರಲಿ. ಆ ಗುಮ್ಮಟದ ಕೆಳಗೆ ಕೂರಲು ಸಂಕೋಚಪಡುವ ಪಾಡು ನಮ್ಮ ಹುಡುಗರಿಗೆ ಬರಬಾರದು. ಅವರ ಅಜ್ಜಂದಿರು ಅಲ್ಲಿ ಸಿಳ್ಳೆ ಹಾಕಿದವರು.

ಹೇಳಿಸುವಾಗ ಒಂದು ಮಾತು ನೆನಪಿಡಿ. ಕನ್ನಡದಲ್ಲಿ ಹೇಳಲಿ, ಕೊಂಕಣಿಯಲ್ಲಿ ಹೇಳಲಿ, ನವಾಯತಿಯಲ್ಲಿ ಹೇಳಲಿ, ನಡುನಡುವೆ ಮರಾಠಿ ಬರಲಿ, ತಿದ್ದಬೇಡಿ. ಹೇಳಿದವರ ಊರು, ಹುಟ್ಟಿದ ವರ್ಷ, ಮುಂಬಯಿಗೆ ಬಂದ ವರ್ಷ ಬರೆದುಕೊಳ್ಳಿ. ವಯಸ್ಸಾದವರಿಂದ ಶುರುಮಾಡಿ, ಗಣೇಶ ಚವತಿಗೆ ಎಲ್ಲರೂ ಸೇರುತ್ತಾರಲ್ಲ ಆಗ ನೋಡೋಣ ಎಂದು ಮುಂದೂಡಬೇಡಿ. ಮಾವ ಹೇಳಿದ್ದನ್ನೆಲ್ಲ ನಾನು ಬರೆದು ಮುಗಿಸಿದ್ದೇನೆ. ಅತ್ತೆ ಶಿರಾಲಿಯಲ್ಲಿದ್ದಾಳೆ, ಎಂಬತ್ತು ದಾಟಿದೆ, ನೆನಪು ಚುರುಕಾಗಿದೆ. ನಾಳೆಯಿಂದ ಅವಳ ಬಳಿ ಕೂರುತ್ತೇನೆ.

ಇತಿ,
ನಿಮ್ಮೂರಿನವನೇ ಒಬ್ಬ
ಕಾಯ್ಕಿಣಿ, ಭಟ್ಕಳ ತಾಲೂಕು